ಮೋರ್‌ಬಾತ್‌ನ ಲೆಕ್ಕಪುಸ್ತಕ: ಮತಸುಧಾರಣೆಯ ಕಾಲದಲ್ಲಿ ಒಂದು ಇಂಗ್ಲಿಷ್ ಹಳ್ಳಿಯ ಕ್ಯಾಥೊಲಿಕ್ ಭಕ್ತಿ (1520–1574)

ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಸೀಮೆಯಲ್ಲಿ, ಎಕ್ಸ್‌ಮೂರ್ ಬೆಟ್ಟಗಾಡಿನ ದಕ್ಷಿಣದ ಅಂಚಿಗೆ, ಮೋರ್‌ಬಾತ್ ಎಂಬ ಸಣ್ಣ ಹಳ್ಳಿಯಿದೆ. ಹದಿನಾರನೆಯ ಶತಮಾನದಲ್ಲಿ ಅಲ್ಲಿದ್ದದ್ದು ಸುಮಾರು 33 ಒಕ್ಕಲು. ಕುರಿ ಸಾಕಣೆ, ಉಣ್ಣೆ ಮಾರಾಟ, ಒಂದಿಷ್ಟು ಧಾನ್ಯದ ಬೇಸಾಯ, ಇಷ್ಟೇ ಅವರ ಬದುಕು. ಅರಮನೆಯವರಾಗಲಿ ಧರ್ಮಶಾಸ್ತ್ರದ ಪಂಡಿತರಾಗಲಿ ಈ ಊರಿನ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳುವ ಕಾರಣವೇ ಇರಲಿಲ್ಲ. ಆದರೆ ಮತಸುಧಾರಣೆಯು, ಅಂದರೆ ಪೋಪರ ಅಧಿಕಾರವನ್ನು ತಿರಸ್ಕರಿಸಿ ಪ್ರಾಟೆಸ್ಟೆಂಟ್ ಚರ್ಚುಗಳನ್ನು ಹುಟ್ಟುಹಾಕಿದ ಚಳವಳಿಯು, ಸಾಮಾನ್ಯ ಕ್ಯಾಥೊಲಿಕ್ ಜನರ ಪೂಜೆ, ಹರಕೆ, ಹಬ್ಬಗಳನ್ನು ಹೇಗೆ ತಟ್ಟಿತು ಎಂದು ತಿಳಿಯಬಯಸುವವರಿಗೆ ಇಡೀ ಇಂಗ್ಲೆಂಡಿನಲ್ಲಿ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. 1520ರಲ್ಲಿ ಇಲ್ಲಿಗೆ ಬಂದ ಗುರು ಕ್ರಿಸ್ಟೊಫರ್ ಟ್ರಿಕಿ 1574ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಎಂಟನೆಯ ಹೆನ್ರಿ, ಆರನೆಯ ಎಡ್ವರ್ಡ್, ಮೇರಿ, ಎಲಿಜಬೆತ್ ಹೀಗೆ ನಾಲ್ಕು ಆಳ್ವಿಕೆಗಳು ಅವರ ಕಣ್ಣೆದುರಿಗೇ ಬಂದವು, ಒಂದೊಂದು ಆಳ್ವಿಕೆಯೂ ಚರ್ಚಿನ ಪೂಜಾವಿಧಿಯನ್ನು ಬದಲಿಸಿತು. ಈ ಎಲ್ಲ ವರ್ಷಗಳ ಜಮಾಖರ್ಚನ್ನು ಅವರು ಬಹುಮಟ್ಟಿಗೆ ತಮ್ಮ ಕೈಯಾರೆ ಬರೆದಿಟ್ಟರು.

ಆ ಬರಹ ಉಳಿದುಬಂದಿದೆ. ಹಾಳೆಗಳು ಸವೆದಿವೆ, ನಂತರದ ಕಾಲದಲ್ಲಿ ಹೊಲಿಗೆ ಹಾಕುವಾಗ ಕ್ರಮವೂ ತಪ್ಪಿದೆ. ಆದರೂ ಅದು ಒಣ ಲೆಕ್ಕವಲ್ಲ. ವರ್ಷಕ್ಕೊಮ್ಮೆ ಊರವರನ್ನು ಕೂಡಿಸಿ ಗಟ್ಟಿಯಾಗಿ ಓದಿ ಹೇಳಲೆಂದು ಬರೆದ ಲೆಕ್ಕ ಅದು. ಯಾರು ಏನು ಕೊಟ್ಟರು, ಯಾರ ಬಾಕಿ ಎಷ್ಟು, ಯಾವ ಕೆಲಸಕ್ಕೆ ಹಣ ಸಾಲದೆ ಬಂತು, ಅದನ್ನು ಯಾರು ತುಂಬಿದರು ಎಂಬುದನ್ನೆಲ್ಲ ಟ್ರಿಕಿ ಊರಿಗೆ ನೇರವಾಗಿ ಮಾತಾಡುವ ಧಾಟಿಯಲ್ಲಿ ಬರೆಯುತ್ತಾರೆ. ಹಾಗಾಗಿ ಈ ಪುಸ್ತಕವನ್ನು ಓದುವಾಗ ಆದಾಯ ಮತ್ತು ವೆಚ್ಚದ ಅಂಕಣಗಳ ನಡುವೆ ಒಂದು ಊರಿನ ಧಾರ್ಮಿಕ ಜೀವನ ಹೇಗೆ ನಡೆಯುತ್ತಿತ್ತು ಎಂಬುದು ಕಾಣುತ್ತದೆ. ಮತಸುಧಾರಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ಸಿದ್ಧಾಂತಗಳ ಚರಿತ್ರೆಯಾಗಿ ಬರೆಯುವುದು ರೂಢಿ: ಪೋಪರ ಅಧಿಕಾರ, ಪರಮಪ್ರಸಾದದ (ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಸ್ವೀಕರಿಸುವ ರೊಟ್ಟಿಯ) ಅರ್ಥ, ವಿಶ್ವಾಸದಿಂದ ರಕ್ಷಣೆಯೋ ಸತ್ಕಾರ್ಯಗಳಿಂದಲೋ ಎಂಬ ವಾದ. ಮೋರ್‌ಬಾತ್‌ನ ಮಟ್ಟಿಗೆ ಆ ಚರಿತ್ರೆ ಸಾಲದು ಎಂಬುದು ಈ ಬರಹದ ನಿಲುವು. ಇಲ್ಲಿ ಭಕ್ತಿ ಬದುಕಿದ್ದು ಊರವರು ಪಾಳಿಯಲ್ಲಿ ಹೊತ್ತ ಹೊಣೆಗಳಲ್ಲಿ. ಆ ಹೊಣೆಗಳನ್ನು ಕಿತ್ತುಹಾಕಿದಾಗ ಭಕ್ತಿಯ ಜೊತೆಗೆ ಊರಿನ ಕಟ್ಟುಪಾಡೂ ಕುಸಿಯಿತು.

ದೀಪಗಳು, ಕುರಿಗಳು, ಮೊಕ್ತೇಸರರು

ಸಂತ ಜಾರ್ಜರಿಗೆ ಅರ್ಪಿತವಾದ ಮೋರ್‌ಬಾತ್‌ನ ಚರ್ಚಿನಲ್ಲಿ ಆ ಕಾಲದಲ್ಲಿ ಹಲವು ಸಂತರ ಪ್ರತಿಮೆಗಳಿದ್ದವು. ಮರಿಯಮ್ಮನವರ ಪ್ರತಿಮೆ, ಸಂತ ಜಾರ್ಜರದು, ಸಂತ ಅಂತೋಣಿಯವರದು, ಹೀಗೆ ಮುಖ್ಯ ಪ್ರತಿಮೆಗಳ ಮುಂದೆ ಮೇಣದ ದೀಪ ಉರಿಯಬೇಕು. ಆ ದೀಪಗಳ ಖರ್ಚಿಗೆ ಒಂದೊಂದು ನಿಧಿ, ಒಂದೊಂದು ನಿಧಿಗೂ ತನ್ನದೇ ಮೊಕ್ತೇಸರರು, ತನ್ನದೇ ವಾರ್ಷಿಕ ಲೆಕ್ಕ. ಮರಿಯಮ್ಮನವರ ನಿಧಿ, ಯೇಸುವಿನ ಪೀಠದ ನಿಧಿ, ಸಂತ ಅಂತೋಣಿಯವರ ನಿಧಿ ಇವಲ್ಲದೆ ಮದುವೆಯಾಗದ ಯುವಕರದೊಂದು ನಿಧಿ, ಕನ್ಯೆಯರದೊಂದು ನಿಧಿ ಇದ್ದವು. ಇವೆಲ್ಲದರ ಮೇಲೆ ಇಡೀ ಚರ್ಚಿನ ವ್ಯವಹಾರ ನೋಡಿಕೊಳ್ಳುವ ಹಿರಿಯ ಮೊಕ್ತೇಸರರು. ಹೊಣೆ ಮನೆಯಿಂದ ಮನೆಗೆ ಸರದಿಯಲ್ಲಿ ಸಾಗುತ್ತಿದ್ದುದರಿಂದ ಮನೆಯ ಯಜಮಾನಿಕೆ ಹೆಂಗಸಿನ ಕೈಯಲ್ಲಿದ್ದರೆ ಅವಳೇ ಮೊಕ್ತೇಸರಳಾಗುತ್ತಿದ್ದಳು. ಮೂವತ್ತಮೂರು ಮನೆಗಳ ಊರಿನಲ್ಲಿ ಇಷ್ಟೊಂದು ಹುದ್ದೆಗಳಿದ್ದ ಮೇಲೆ, ಒಂದಲ್ಲ ಒಂದು ಹೊತ್ತಿನಲ್ಲಿ ಯಾವುದಾದರೂ ಸಂತರ ಜಮಾಖರ್ಚು ಒಪ್ಪಿಸಲು ಊರ ಮುಂದೆ ನಿಲ್ಲಬೇಕಾದ ಪ್ರಸಂಗ ಬಾರದ ಮನೆ ಇದ್ದಿರಲಾರದು.

ಹಣ ಎಲ್ಲಿಂದ ಬರುತ್ತಿತ್ತು? ಮುಖ್ಯವಾಗಿ ಎರಡು ಮೂಲಗಳಿಂದ. ಚರ್ಚಿನ ಪಕ್ಕದಲ್ಲಿ ಊರೊಟ್ಟಿನ ಒಂದು ಮನೆಯಿತ್ತು. ಅಲ್ಲಿ ಮೊಕ್ತೇಸರರು ಬಿಯರ್ ತಯಾರಿಸಿ, ಊಟ ಮಾಡಿಸಿ, ತಮ್ಮೂರವರನ್ನೂ ನೆರೆಯೂರವರನ್ನೂ ಕರೆದು ಮಾರುತ್ತಿದ್ದರು. ಇಂಥ ಔತಣಗಳಿಂದ ಬಂದ ಲಾಭ ನೇರವಾಗಿ ಚರ್ಚಿಗೆ ಸೇರುತ್ತಿತ್ತು. ಯುವಕರೂ ತಮ್ಮ ಪಾಲಿನ ಔತಣ ನಡೆಸುತ್ತಿದ್ದರು. ಎರಡನೆಯ ಮೂಲ ಕುರಿಗಳು. ಸಂತರ ಹೆಸರಿನ ಕುರಿಗಳು ಒಂದೇ ದೊಡ್ಡಿಯಲ್ಲಿ ಇರುತ್ತಿರಲಿಲ್ಲ. ಈ ಮನೆಯಲ್ಲಿ ಒಂದು, ಆ ಮನೆಯಲ್ಲಿ ಎರಡು ಎಂದು ಊರಿನ ತುಂಬ ಹಂಚಿ, ಅವರವರ ಸ್ವಂತ ಕುರಿಗಳ ಜೊತೆ ಮೇಯುತ್ತಿದ್ದವು. ವರ್ಷದ ಲೆಕ್ಕದಲ್ಲಿ ಮರಿಯಮ್ಮನವರ ಯಾವ ಕುರಿ ಯಾರ ಮನೆಯಲ್ಲಿದೆ, ಯಾವುದು ಮರಿ ಹಾಕಿತು, ಯಾವುದು ಸತ್ತಿತು, ಉಣ್ಣೆ ಎಷ್ಟಕ್ಕೆ ಹೋಯಿತು ಎಂಬುದೆಲ್ಲ ಬರುತ್ತದೆ. ಚಳಿಗಾಲದಲ್ಲಿ ಹಟ್ಟಿಯ ಬಾಗಿಲು ತೆರೆದು ತನ್ನ ಕುರಿಗಳಿಗೆ ಮೇವು ಹಾಕುವ ರೈತ ಅದೇ ಕೈಯಿಂದ ಮರಿಯಮ್ಮನವರ ಕುರಿಗೂ ಮೇವು ಹಾಕುತ್ತಿದ್ದ. ದೇವರ ಕೆಲಸ ಭಾನುವಾರಕ್ಕೆ, ಹೊಲಮನೆಯ ಕೆಲಸ ಉಳಿದ ದಿನಗಳಿಗೆ ಎಂಬ ವಿಂಗಡಣೆ ಆ ಊರಿಗೆ ಅರ್ಥವಾಗುವಂಥದ್ದೇ ಆಗಿರಲಿಲ್ಲ. ನಮ್ಮ ಊರುಗಳಲ್ಲಿ ದೇವರ ಹೆಸರಿಗೆ ಬಿಟ್ಟ ಬಸವನನ್ನು ಇಡೀ ಊರೇ ಸಾಕುವುದನ್ನು ಕಂಡವರಿಗೆ ಈ ಏರ್ಪಾಡು ಸುಲಭವಾಗಿ ತಿಳಿದೀತು.

ಜಗಳಗಳೇ ಇರಲಿಲ್ಲ ಎಂದಲ್ಲ. ಚರ್ಚಿನ ಗುಮಾಸ್ತನಿಗೆ ಮನೆಮನೆಯಿಂದ ಕೊಡಬೇಕಾದ ಧಾನ್ಯ ಮತ್ತು ಹಣದ ವಿಷಯದಲ್ಲಿ 1530ರ ದಶಕದಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, ಕೊನೆಗೆ ಹಿರಿಯರು ಕೂತು ತೀರ್ಮಾನಿಸಬೇಕಾಯಿತು. ಹಳೆಯ ಭಕ್ತಿಯ ಲೋಕವನ್ನು ಸಾಮರಸ್ಯದ ಸ್ವರ್ಗವಾಗಿ ಚಿತ್ರಿಸುವುದು ಸರಿಯಲ್ಲ. ಆದರೆ ಜಗಳ ಹುಟ್ಟಿದರೂ ಅದನ್ನು ಬಗೆಹರಿಸುವ ಜಾಗ ಚರ್ಚೇ ಆಗಿತ್ತು, ತೀರ್ಮಾನ ದಾಖಲಾಗುತ್ತಿದ್ದ ಪುಸ್ತಕವೂ ಅದೇ ಆಗಿತ್ತು.

ಸಂತ ಸಿಡ್‌ವೆಲ್ ಮತ್ತು ಬೆಳ್ಳಿಯ ಪಾದರಕ್ಷೆ

ಟ್ರಿಕಿ ಈ ಊರಿಗೆ ಬಂದಾಗ ತಮ್ಮೊಂದಿಗೆ ಒಂದು ಭಕ್ತಿಯನ್ನೂ ತಂದರು. ಸಂತ ಸಿಡ್‌ವೆಲ್ ಎಕ್ಸೆಟರ್ ನಗರದ ಕನ್ಯಾ ಹುತಾತ್ಮಳು. ಮಲತಾಯಿಯ ಕುಮ್ಮಕ್ಕಿನಿಂದ ಹುಲ್ಲು ಕೊಯ್ಯುವವರು ಅವಳ ತಲೆ ಕತ್ತರಿಸಿದರು, ಆ ಜಾಗದಲ್ಲಿ ನೀರಿನ ಬುಗ್ಗೆ ಹುಟ್ಟಿತು ಎಂದು ಐತಿಹ್ಯ. ಎಕ್ಸೆಟರಿನ ಕೋಟೆಯ ಪೂರ್ವ ಬಾಗಿಲಿನ ಹೊರಗೆ ಅವಳ ಚರ್ಚು ಮತ್ತು ಬಾವಿ ಇದ್ದವು. ಮೋರ್‌ಬಾತ್‌ನಲ್ಲಿ ಅವಳ ಪ್ರತಿಮೆಯನ್ನು ಟ್ರಿಕಿ ಯೇಸುವಿನ ಪೀಠದ ಬಳಿ ನಿಲ್ಲಿಸಿದರು. ಹೊಸ ಸಂತಳನ್ನು ಊರು ಒಪ್ಪಿಕೊಳ್ಳುವುದಕ್ಕೆ ಹಿಡಿದ ಕಾಲ ಲೆಕ್ಕದಲ್ಲಿ ಕಾಣುತ್ತದೆ. ಮೊದಲು ಗುರುವಿನ ಕೈಯಿಂದಲೇ ಖರ್ಚು, ಆಮೇಲೆ ಸಣ್ಣಪುಟ್ಟ ಕಾಣಿಕೆಗಳು, ಮುಂದೆ ಸಾಯುವವರ ಉಯಿಲುಗಳಲ್ಲಿ ಅವಳ ದೀಪಕ್ಕೆಂದು ದತ್ತಿ. ಊರಿನ ಹೆಣ್ಣುಮಕ್ಕಳಿಗೆ ಸಿಡ್‌ವೆಲ್ ಎಂದು ಹೆಸರಿಡುವ ರೂಢಿಯೂ ಬಂತು. ಒಬ್ಬ ಹೆಂಗಸು ಬಿಟ್ಟುಹೋದ ಮದುವೆಯ ಉಂಗುರ ಸಿಡ್‌ವೆಲ್ ಪ್ರತಿಮೆಯ ಬೆಳ್ಳಿಯ ಪಾದರಕ್ಷೆಗೆ ಸೇರಿತು. ಜೀವಮಾನವಿಡೀ ಬೆರಳಲ್ಲಿದ್ದ ಒಂದು ಒಡವೆ ಸಂತಳ ಕಾಲಿಗೆ ಸಂದ ಈ ಸಂಗತಿ ಪುಸ್ತಕದಲ್ಲಿ ಒಂದೆರಡು ಸಾಲಿನ ನಮೂದು ಮಾತ್ರ. ಸಂತರ ಪೂಜೆಯನ್ನು ಅಜ್ಞಾನವೆಂದು ಜರೆದ ಸುಧಾರಕರು ಈ ಸಾಲುಗಳನ್ನು ಓದಿ ಕೇಳಿದ್ದರೆ ಅವರ ಮಾತು ಸ್ವಲ್ಪವಾದರೂ ಮೃದುವಾಗುತ್ತಿತ್ತು ಎಂದು ನಂಬಲು ನನಗೆ ಇಷ್ಟ.

1534ರ ನವೆಂಬರಿನ ಒಂದು ರಾತ್ರಿ ಆ ಪಾದರಕ್ಷೆ ಕಳವಾಯಿತು. ಕಳ್ಳ ಏಣಿ ಹಾಕಿ ಚರ್ಚಿನ ಮೇಲೆ ಹತ್ತಿ, ಏಣಿಯನ್ನೂ ಮೇಲಕ್ಕೆಳೆದುಕೊಂಡು, ಅದನ್ನೇ ಗೋಪುರದ ಕಿಟಕಿಗೆ ಆನಿಸಿ, ಕಿಟಕಿ ಒಡೆದು ಒಳಗಿಳಿದ. ಸಿಡ್‌ವೆಲ್‌ಳ ಪಾದರಕ್ಷೆಯ ಜೊತೆಗೆ ಪೂಜೆಯ ಪಾನಪಾತ್ರೆಯೂ ಹೋಯಿತು. ಪಾತ್ರೆಯಿಲ್ಲದೆ ಕ್ಯಾಥೊಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆ ನಡೆಯದು. ಟ್ರಿಕಿ ಈ ಘಟನೆಯನ್ನು ಏಣಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ವಿವರದವರೆಗೆ ಬರೆದಿಟ್ಟಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಮುಂದೇನಾಯಿತು ಎಂಬುದನ್ನು ಅಭಿಮಾನದಿಂದ ದಾಖಲಿಸಿದ್ದಾರೆ: ಊರಿನ ಯುವಕರು ಮತ್ತು ಕನ್ಯೆಯರು ತಾವೇ ಒಟ್ಟುಗೂಡಿ, ತಮ್ಮ ಕೊಡುಗೆಗಳಿಂದ ಹಣ ಹೊಂದಿಸಿ, ಊರಿನ ಬೊಕ್ಕಸಕ್ಕೆ ಒಂದು ಕಾಸಿನ ಹೊರೆಯೂ ಬೀಳದಂತೆ ಹೊಸ ಪಾತ್ರೆ ತಂದರು. ಅದೇ ತಿಂಗಳು ಲಂಡನ್ನಿನಲ್ಲಿ ಸಂಸತ್ತು ಇಂಗ್ಲೆಂಡಿನ ಚರ್ಚಿಗೆ ಅರಸನೇ ಪರಮಾಧಿಕಾರಿಯೆಂಬ ಕಾಯಿದೆಯನ್ನು ಅಂಗೀಕರಿಸುತ್ತಿತ್ತು. ಮೋರ್‌ಬಾತ್‌ನ ಯುವಜನರು ಆಗ ಪಾತ್ರೆಯ ಚಿಂತೆಯಲ್ಲಿದ್ದರು.

1538: ದೀಪಗಳು ಆರಿದ್ದು

ಇಂಗ್ಲೆಂಡಿನ ಚರ್ಚು ಹೀಗೆ ರೋಮಿನ ಪೋಪರಿಂದ ಬೇರ್ಪಟ್ಟದ್ದು ಹಳ್ಳಿಯ ಪೂಜೆಯನ್ನು ಕೂಡಲೇ ಬದಲಿಸಲಿಲ್ಲ. ಲತೀನ್ ಬಲಿಪೂಜೆ ಎಂದಿನಂತೆ ನಡೆಯಿತು. ಮೊದಲ ಪೆಟ್ಟು ಬಿದ್ದದ್ದು 1536ರಲ್ಲಿ, ಸಣ್ಣ ಮಠಗಳನ್ನು ಮುಚ್ಚಿದಾಗ. ಮೋರ್‌ಬಾತ್ ಚರ್ಚಿನ ಮೇಲೆ ಹಕ್ಕುಳ್ಳ ಬಾರ್ಲಿಂಚ್ ಮಠ ಕೆಲವೇ ಮೈಲಿ ದೂರದಲ್ಲಿ, ಸಾಮರ್ಸೆಟ್ ಸೀಮೆಯಲ್ಲಿತ್ತು. ಅದನ್ನೂ ಮುಚ್ಚಿ, ಅದರ ಸಾಮಾನುಗಳನ್ನು ಬಿಡಿಬಿಡಿಯಾಗಿ ವಿಲೇವಾರಿ ಮಾಡಲಾಯಿತು. ಆ ಮಠದ ಬಣ್ಣದ ಗಾಜಿನ ಕಿಟಕಿಯೊಂದು ಜಮೀನ್ದಾರ ಹ್ಯೂ ಪಾಲೆಟ್ ಅವರ ಕೊಡುಗೆಯಾಗಿ ಮೋರ್‌ಬಾತ್‌ಗೆ ಬಂತು. ಊರು ಅದನ್ನು ಸಂತೋಷದಿಂದಲೇ ಸ್ವೀಕರಿಸಿತು. ಈ ಪಾಲೆಟ್ ಅವರ ಹೆಸರು ಮುಂದೆ ಮತ್ತೆ ಬರುತ್ತದೆ.

ನಿಜವಾದ ಬದಲಾವಣೆ ಬಂದದ್ದು 1538ರಲ್ಲಿ ಅರಸನ ಮುಖ್ಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಅರಸನ ಹೆಸರಿನಲ್ಲಿ ಹೊರಡಿಸಿದ ಆಜ್ಞೆಗಳಿಂದ. ಪ್ರತಿಮೆಗಳ ಮುಂದೆ ದೀಪ ಹಚ್ಚಕೂಡದು, ಚರ್ಚಿನೊಳಗೆ ದೊಡ್ಡ ಶಿಲುಬೆ ನಿಲ್ಲಿಸಿದ ಅಟ್ಟದ ಮೇಲೆ, ಪರಮಪ್ರಸಾದದ ಮುಂದೆ ಮತ್ತು ಈಸ್ಟರ್ ಹಬ್ಬಕ್ಕೆ ಕ್ರಿಸ್ತನ ಸಮಾಧಿಯ ನೆನಪಿಗೆ ಸಜ್ಜುಗೊಳಿಸುವ ಈಸ್ಟರ್ ಸಮಾಧಿಯ ಬಳಿ ಮಾತ್ರ ಹಚ್ಚಬಹುದು. ತೀರ್ಥಯಾತ್ರೆಗೆ ಹೋಗಕೂಡದು, ಜಪಸರವನ್ನು ಅರ್ಥವಿಲ್ಲದೆ ಎಣಿಸಕೂಡದು, ಪ್ರತಿ ಚರ್ಚೂ ಇಂಗ್ಲಿಷ್ ಬೈಬಲನ್ನು ಕೊಳ್ಳಬೇಕು. ಅದೇ ವರ್ಷ ವಾಲ್ಸಿಂಗ್‌ಹ್ಯಾಮಿನ ಮರಿಯಮ್ಮನವರ ಕ್ಷೇತ್ರವೂ ಕ್ಯಾಂಟರ್‌ಬರಿಯ ಸಂತ ಥಾಮಸ್ ಬೆಕೆಟರ ಸಮಾಧಿಪೀಠವೂ ನೆಲಸಮವಾದವು. ಚರಿತ್ರೆಯ ಪುಸ್ತಕಗಳು ಸಹಜವಾಗಿ ಆ ದೊಡ್ಡ ಕ್ಷೇತ್ರಗಳ ಬಗ್ಗೆ ಬರೆಯುತ್ತವೆ. ಹಳ್ಳಿಯ ಕಡೆಯಿಂದ ನೋಡಿದರೆ ದೀಪದ ನಿಷೇಧದ ಪರಿಣಾಮ ಇನ್ನೂ ಆಳವಾದದ್ದು. ದೀಪವಿಲ್ಲದ ಮೇಲೆ ದೀಪದ ನಿಧಿಗೆ ಕೆಲಸವಿಲ್ಲ, ನಿಧಿಯಿಲ್ಲದ ಮೇಲೆ ಮೊಕ್ತೇಸರರು ಬೇಡ, ಮೊಕ್ತೇಸರರಿಲ್ಲದ ಮೇಲೆ ಆ ಸಂತರ ಹೆಸರಿನಲ್ಲಿ ಊರ ಮುಂದೆ ನಿಂತು ಲೆಕ್ಕ ಒಪ್ಪಿಸುವ ದಿನವೂ ಇಲ್ಲ. ಆ ನಿಧಿಗಳು ಒಂದೊಂದಾಗಿ ಪುಸ್ತಕದಿಂದ ಮರೆಯಾಗುತ್ತವೆ. ಹದಿನಾರು-ಹದಿನೆಂಟರ ಹುಡುಗಿಯೊಬ್ಬಳು ಊರಿನ ವ್ಯವಹಾರದಲ್ಲಿ ಪಾಲುಗೊಳ್ಳಲು ಇದ್ದ ಹಾದಿಯೆಂದರೆ ಕನ್ಯೆಯರ ನಿಧಿ. ಆ ಹಾದಿ ಮುಚ್ಚಿತು. ಪ್ರತಿಮೆಗಳ ಪೂಜೆ ಸರಿಯೋ ತಪ್ಪೋ ಎಂಬ ವಾದದಲ್ಲಿ ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಕಪ್ಪು ಪೂಜಾವಸ್ತ್ರ

ಟ್ರಿಕಿ ಅವರ ಮನಸ್ಸಿನಲ್ಲಿ ಬಹುಕಾಲದಿಂದ ಒಂದು ಆಸೆಯಿತ್ತು. ಸತ್ತವರಿಗಾಗಿ ಸಲ್ಲಿಸುವ ಬಲಿಪೂಜೆಗೆ ಕಪ್ಪು ಪೂಜಾವಸ್ತ್ರಗಳು ಬೇಕು, ಅವು ಮೋರ್‌ಬಾತ್‌ನಲ್ಲಿರಲಿಲ್ಲ. ಸತ್ತವರ ಆತ್ಮಗಳು ಶುದ್ಧೀಕರಣ ಸ್ಥಳದಲ್ಲಿದ್ದು ಬದುಕಿರುವವರ ಪ್ರಾರ್ಥನೆಯಿಂದ ಉಪಶಮನ ಪಡೆಯುತ್ತವೆ ಎಂಬ ನಂಬಿಕೆ ಅಂದಿನ ಕ್ಯಾಥೊಲಿಕ್ ಭಕ್ತಿಯ ನಡುಗಂಬ. ದಾನಿಗಳ ಹೆಸರುಗಳನ್ನು ಪಟ್ಟಿಮಾಡಿ ಚರ್ಚಿನಲ್ಲಿ ಓದಿ ಪ್ರಾರ್ಥಿಸುವುದು ಇದಕ್ಕಾಗಿಯೇ. ಊರಿಗೆ ಏನಾದರೂ ಕೊಟ್ಟವನನ್ನು ಊರು ಸತ್ತ ಮೇಲೂ ಮರೆಯುವುದಿಲ್ಲ ಎಂಬ ಭರವಸೆ ಅದು. ಟ್ರಿಕಿ ಈ ವಸ್ತ್ರಗಳಿಗಾಗಿ ಸುಮಾರು ಇಪ್ಪತ್ತು ವರ್ಷ ಹಣ ಕೂಡಿಸಿದರು. ಚರ್ಚಿನ ಕುರಿಗಳ ಉಣ್ಣೆಯಲ್ಲಿ ಗುರುವಿಗೆ ಸಲ್ಲಬೇಕಾದ ದಶಮಾಂಶವನ್ನು ತಾವು ತೆಗೆದುಕೊಳ್ಳದೆ ಈ ಕೆಲಸಕ್ಕೆ ಬಿಟ್ಟುಕೊಟ್ಟರು. ಊರವರೂ ಚಿಲ್ಲರೆ ಚಿಲ್ಲರೆಯಾಗಿ ಸೇರಿಸಿದರು.

ವಸ್ತ್ರಗಳು ಸಿದ್ಧವಾಗಿ ಬಂದದ್ದು 1547ರಲ್ಲಿ. ಆ ವರ್ಷದ ಜನವರಿಯಲ್ಲಿ ಎಂಟನೆಯ ಹೆನ್ರಿ ತೀರಿಕೊಂಡು, ಒಂಬತ್ತು ವರ್ಷದ ಎಡ್ವರ್ಡ್ ಪಟ್ಟಕ್ಕೆ ಬಂದಿದ್ದ. ಅವನ ಹೆಸರಿನಲ್ಲಿ ಆಡಳಿತ ನಡೆಸಿದವರು ದೃಢ ಪ್ರಾಟೆಸ್ಟೆಂಟರು. ವರ್ಷ ಮುಗಿಯುವುದರೊಳಗೆ ಸತ್ತವರಿಗಾಗಿ ಪ್ರಾರ್ಥನೆ ನಡೆಸಲೆಂದು ಸ್ಥಾಪಿಸಿದ್ದ ದತ್ತಿಗಳನ್ನೆಲ್ಲ ಸರಕಾರ ವಶಪಡಿಸಿಕೊಳ್ಳುವ ಕಾಯಿದೆ ಬಂತು, ಶುದ್ಧೀಕರಣ ಸ್ಥಳದ ಬೋಧನೆಯನ್ನೇ ಅಲ್ಲಗಳೆಯಲಾಯಿತು. ಇಪ್ಪತ್ತು ವರ್ಷದ ಉಳಿತಾಯದಿಂದ ಕೊಂಡ ವಸ್ತ್ರಗಳನ್ನು ಉಡುವ ಪೂಜೆಯೇ ಎರಡು ವರ್ಷದೊಳಗೆ ಕಾನೂನಿಗೆ ವಿರುದ್ಧವಾಯಿತು. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವ ಪ್ರಸಂಗ ಇದೇ. ಮತಸುಧಾರಣೆ ಸತ್ತವರನ್ನು ಊರಿನಿಂದ ಹೊರಗಟ್ಟಿತು ಎನ್ನುವ ಮಾತಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಮುಂದಿನ ಎರಡು ವರ್ಷಗಳಲ್ಲಿ ಆದೇಶಗಳು ಒಂದರ ಮೇಲೊಂದು ಬಂದವು. ಪ್ರತಿಮೆಗಳು ಇಳಿದವು, ಮೆರವಣಿಗೆಗಳು ನಿಂತವು. ಚರ್ಚಿನ ಔತಣಗಳೂ ನಿಂತಾಗ ಹಣದ ಮುಖ್ಯ ದಾರಿಯೇ ಕಟ್ಟಿಹೋಯಿತು. ಚರ್ಚಿನ ಕುರಿಗಳು ಮಾರಾಟವಾದವು. ಈ ಕಷ್ಟದ 1548ರಲ್ಲಿ ಮೊಕ್ತೇಸರಳಾಗಿ ಹೊಣೆ ಹೊತ್ತವಳು ಲೂಸಿ ಸೀಲಿ ಎಂಬ ಹೆಂಗಸು. ಒಂದು ಕಡೆ ಆದಾಯ ಬತ್ತಿತ್ತು, ಇನ್ನೊಂದು ಕಡೆ ಹೊಸ ಪುಸ್ತಕಗಳನ್ನು ಕೊಳ್ಳಬೇಕಿತ್ತು, ಅಧಿಕಾರಿಗಳು ಕರೆದಾಗಲೆಲ್ಲ ಮೊಕ್ತೇಸರರು ಸ್ವಂತ ಕೆಲಸ ಬಿಟ್ಟು ಹೋಗಿ ಹಾಜರಾಗಬೇಕಿತ್ತು. ಪೂಜಾವಸ್ತ್ರ ಮತ್ತಿತರ ವಸ್ತುಗಳನ್ನು ಊರವರು ತಂತಮ್ಮ ಮನೆಗಳಲ್ಲಿ ಜೋಪಾನಕ್ಕಿಟ್ಟುಕೊಂಡರು. ಊರು ಸಾಲಕ್ಕೆ ಬಿತ್ತು.

1549ರ ಬೇಸಗೆ

ಹೊಸ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು 1549ರ ಜೂನ್ 9ರಿಂದ, ಅಂದರೆ ಪಂಚಾಶತ್ತಮ ಹಬ್ಬದ ಭಾನುವಾರದಿಂದ, ದೇಶದ ಎಲ್ಲ ಚರ್ಚುಗಳಲ್ಲೂ ಬಳಸಬೇಕೆಂದು ಕಾಯಿದೆಯಾಯಿತು. ಮರುದಿನವೇ ಡೆವನ್ನಿನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಎಂಬ ಹಳ್ಳಿಯಲ್ಲಿ ಜನ ತಮ್ಮ ಗುರುವನ್ನು ಒತ್ತಾಯಿಸಿ ಹಳೆಯ ಲತೀನ್ ಪೂಜೆ ನಡೆಸಿಸಿದರು. ದಂಗೆ ಹಬ್ಬಿತು. ಕಾರ್ನ್‌ವಾಲಿನಿಂದ ಎದ್ದವರೂ ಸೇರಿಕೊಂಡು, ಕ್ರಿಸ್ತನ ಐದು ಗಾಯಗಳ ಧ್ವಜ ಹಿಡಿದು, ಜುಲೈ 2ರಿಂದ ಎಕ್ಸೆಟರ್ ನಗರಕ್ಕೆ ಮುತ್ತಿಗೆ ಹಾಕಿದರು. ಅವರ ಬೇಡಿಕೆಗಳಲ್ಲಿ ಲತೀನ್ ಪೂಜೆ ಮರಳಬೇಕು, ಪರಮಪ್ರಸಾದವನ್ನು ಪೀಠದ ಮೇಲೆ ಹಿಂದಿನಂತೆ ತೂಗುಹಾಕಿ ಆರಾಧಿಸಬೇಕು, ಪವಿತ್ರ ರೊಟ್ಟಿ, ಪವಿತ್ರ ಜಲ, ಪ್ರತಿಮೆಗಳು ಮತ್ತೆ ಬರಬೇಕು, ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳಿಗಾಗಿ ಪ್ರಾರ್ಥನೆ ನಡೆಯಬೇಕು ಎಂಬವು ಸೇರಿದ್ದವು. ಹೊಸ ಪೂಜಾವಿಧಿ ಕ್ರಿಸ್‌ಮಸ್ ಆಟದಂತಿದೆ ಎಂದು ಅವರು ದೂರಿದರು. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದು ಎಂದು ಕಾರ್ನ್‌ವಾಲಿನವರು ಹೇಳಿದರು. ಇವು ಪಂಡಿತರ ವಾದಗಳಲ್ಲ. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಪಟ್ಟಿ ಇದು, ಮೋರ್‌ಬಾತ್‌ನ ಲೆಕ್ಕಪುಸ್ತಕದಲ್ಲಿ ಹತ್ತಾರು ವರ್ಷ ಖರ್ಚುಬಿದ್ದ ವಸ್ತುಗಳೇ.

ಮೋರ್‌ಬಾತ್ ಏನು ಮಾಡಿತು? ಆ ವರ್ಷದ ಲೆಕ್ಕದಲ್ಲಿ ಊರಿನ ಐವರು ಯುವಕರ ಹೆಸರುಗಳಿವೆ. ಅವರು ಹೊರಡುವಾಗ ಊರಿನ ಬೊಕ್ಕಸದಿಂದ ಕೊಟ್ಟ ಹಣ, ಕತ್ತಿ ಬಿಲ್ಲುಗಳಿಗೆ ಆದ ವೆಚ್ಚ ಎಲ್ಲವೂ ಇವೆ. ಅವರು ಹೊರಟದ್ದು ಯಾವ ಪಾಳೆಯಕ್ಕೆ ಎಂಬುದೇ ಪ್ರಶ್ನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಲೆಕ್ಕಗಳು ಅಚ್ಚಾದಾಗ ಆ ಜಾಗದ ಹೆಸರನ್ನು ತಪ್ಪಾಗಿ ಓದಲಾಗಿತ್ತು. ಮೂಲವನ್ನು ಮತ್ತೆ ಸೂಕ್ಷ್ಮವಾಗಿ ಓದಿದಾಗ ಅದು ಸೇಂಟ್ ಡೇವಿಡರ ದಿಬ್ಬ ಎಂದು ತಿಳಿಯಿತು. ಎಕ್ಸೆಟರಿನ ಗೋಡೆಗಳ ಹೊರಗಿರುವ ಆ ದಿಬ್ಬದಲ್ಲಿ ಬೀಡುಬಿಟ್ಟಿದ್ದವರು ಮುತ್ತಿಗೆ ಹಾಕಿದ ದಂಗೆಕೋರರು. ಅಂದರೆ ಊರಿನ ಒಪ್ಪಿಗೆಯಿಂದ, ಊರಿನ ಹಣದಿಂದ, ಹಳೆಯ ಪೂಜೆಯ ಪರವಾಗಿ ಹೋರಾಡಲು ಮೋರ್‌ಬಾತ್ ತನ್ನ ಮಕ್ಕಳನ್ನು ಕಳಿಸಿತು. ಸಂತರ ದೀಪಕ್ಕೆ ಖರ್ಚು ಬರೆಯುತ್ತಿದ್ದ ಕೈಯೇ ರಾಜದ್ರೋಹದ ಈ ಖರ್ಚನ್ನೂ ಮುಚ್ಚಿಡದೆ ಬರೆಯಿತು. ಭಯವಿಲ್ಲದ್ದರಿಂದ ಬರೆದರು ಎನ್ನುವಂತಿಲ್ಲ. ಊರಿನ ಹಣ ಯಾವುದಕ್ಕೆ ಹೋಯಿತೆಂದು ಊರಿಗೆ ಹೇಳುವುದು ಗುರುವಿನ ಧರ್ಮವಾಗಿತ್ತು, ಟ್ರಿಕಿ ಅದನ್ನು ಆಗಲೂ ಬಿಡಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ದಂಗೆ ಸೋತಿತು. ಲಾರ್ಡ್ ರಸೆಲ್ ನಾಯಕತ್ವದ ಸರಕಾರಿ ಸೈನ್ಯ, ವಿದೇಶಿ ಕೂಲಿ ಸೈನಿಕರ ನೆರವಿನಿಂದ, ಆಗಸ್ಟ್ 6ರಂದು ಎಕ್ಸೆಟರಿನ ಮುತ್ತಿಗೆಯನ್ನು ತೆರವುಗೊಳಿಸಿತು. ಅದಕ್ಕೂ ಮುನ್ನ ಕ್ಲಿಸ್ಟ್ ಬಯಲಿನಲ್ಲಿ ಸೆರೆಸಿಕ್ಕವರನ್ನು ಕೊಂದುಹಾಕಿತ್ತು. ಆಗಸ್ಟ್ ಮಧ್ಯದಲ್ಲಿ ಸ್ಯಾಂಪ್‌ಫರ್ಡ್ ಕೋರ್ಟ್ನಿಯಲ್ಲಿ ಕೊನೆಯ ಕಾಳಗ ನಡೆಯಿತು. ಸತ್ತವರು ಸಾವಿರಾರು. ಎಕ್ಸೆಟರ್ ಪಕ್ಕದ ಸೇಂಟ್ ಥಾಮಸ್ ಚರ್ಚಿನ ಗುರು ರಾಬರ್ಟ್ ವೆಲ್ಶ್ ಅವರನ್ನು ಪೂಜಾವಸ್ತ್ರ ತೊಡಿಸಿ, ಪವಿತ್ರ ಜಲದ ಪಾತ್ರೆ, ಗಂಟೆ, ಜಪಸರಗಳನ್ನು ಮೈಗೆ ಕಟ್ಟಿ, ಅವರದೇ ಚರ್ಚಿನ ಗೋಪುರದಿಂದ ತೂಗುಹಾಕಿದರು. ರಸೆಲ್ ಸೈನ್ಯದಲ್ಲಿ ಮುಖ್ಯಾಧಿಕಾರಿಯಾಗಿದ್ದು, ಓಡಿಹೋಗುತ್ತಿದ್ದ ದಂಗೆಕೋರರನ್ನು ಸಾಮರ್ಸೆಟ್‌ವರೆಗೆ ಬೆನ್ನಟ್ಟಿದವರು ಸರ್ ಹ್ಯೂ ಪಾಲೆಟ್, ಮೋರ್‌ಬಾತ್‌ಗೆ ಬಾರ್ಲಿಂಚಿನ ಕಿಟಕಿ ಕೊಟ್ಟವರೇ. ಊರಿನವರು ಚರ್ಚಿನಲ್ಲಿ ತಲೆಯೆತ್ತಿದಾಗಲೆಲ್ಲ ಆ ಗಾಜನ್ನು ಯಾವ ಮನಸ್ಸಿನಿಂದ ನೋಡಿದರೋ, ಪುಸ್ತಕ ಅದನ್ನು ಹೇಳುವುದಿಲ್ಲ.

ಮರಳಿ ಬಂದದ್ದು, ಬಾರದೆ ಹೋದದ್ದು

1553ರ ಜುಲೈಯಲ್ಲಿ ಎಡ್ವರ್ಡ್ ತೀರಿಕೊಂಡು ಕ್ಯಾಥೊಲಿಕ್ ಮೇರಿ ರಾಣಿಯಾದಾಗ ಟ್ರಿಕಿ ಅವರ ಬರಹದ ದನಿಯೇ ಬದಲಾಗುತ್ತದೆ. ಎಡ್ವರ್ಡನ ಕಾಲದಲ್ಲಿ ಚರ್ಚು ಸದಾ ಕ್ಷೀಣಿಸುತ್ತ ಹೋಯಿತು, ರಾಣಿಯ ಕಾಲದಲ್ಲಿ ಅದು ಹೇಗೆ ಮತ್ತೆ ನೆಲೆಗೊಂಡಿತೆಂದು ಮುಂದೆ ತಿಳಿಯುವಿರಿ ಎಂಬರ್ಥದ ಮಾತನ್ನು ಅವರು ಬರೆದಿದ್ದಾರೆ. ಬಲಿಪೀಠ ಮತ್ತೆ ಎದ್ದಿತು, ಪೂಜೆಯ ಪುಸ್ತಕಗಳನ್ನು ಕೊಂಡರು. ಮನೆಗಳಲ್ಲಿ ಜೋಪಾನವಾಗಿದ್ದ ವಸ್ತುಗಳು, ಪ್ರತಿಮೆಗಳ ಭಾಗಗಳು ಒಂದೊಂದಾಗಿ ಮರಳಿದವು. ಯಾರು ಏನು ತಂದುಕೊಟ್ಟರೆಂದು ದಾಖಲಿಸಿ, ಒಳ್ಳೆಯ ಕ್ಯಾಥೊಲಿಕರಂತೆ ನಡೆದುಕೊಂಡರೆಂದು ಟ್ರಿಕಿ ಊರವರನ್ನು ಮೆಚ್ಚಿ ಬರೆದರು. ಸಿಕ್ಕಿಬಿದ್ದರೆ ತೊಂದರೆಯಿದ್ದ ಕಾಲದಲ್ಲಿ ಮನೆಯೊಳಗೆ ಒಂದು ಸಂತರ ಪ್ರತಿಮೆಯ ತುಂಡನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ.

ಆದರೆ ಗಮನಿಸಬೇಕಾದದ್ದು ಬಾರದೆ ಹೋದದ್ದನ್ನು. ಪೀಠವನ್ನು ಕಟ್ಟಬಹುದು, ಪುಸ್ತಕವನ್ನು ಕೊಳ್ಳಬಹುದು. ಮಾರಿದ ಕುರಿಗಳ ಮಂದೆಯನ್ನು, ಮುರಿದ ನಿಧಿಗಳ ಜಾಲವನ್ನು, ಒಬ್ಬೊಬ್ಬ ಸಂತರಿಗೂ ಒಬ್ಬೊಬ್ಬ ಮೊಕ್ತೇಸರರೆಂಬ ರೂಢಿಯನ್ನು ಐದು ವರ್ಷದಲ್ಲಿ ಮತ್ತೆ ಬೆಳೆಸಲಾಗಲಿಲ್ಲ. ರಾಣಿಯ ಕಾಲದ ಮೋರ್‌ಬಾತ್‌ನಲ್ಲಿ ಪೂಜೆಯಿತ್ತು, ಔತಣದಿಂದ ಬಂದ ಹಣವಿತ್ತು. ಹಿಂದಿನ ಆ ಹತ್ತಾರು ಕೈಗಳ ಹೊಣೆಗಾರಿಕೆ ಮೊದಲಿನಂತೆ ಮರಳಲಿಲ್ಲ. ಮೇರಿಯ ಆಳ್ವಿಕೆ ಸೋತದ್ದು ಅವಳು ಬೇಗ ಸತ್ತದ್ದರಿಂದ ಎಂದು ಹೇಳುವವರಿದ್ದಾರೆ. ಅದು ಬಹುಮಟ್ಟಿಗೆ ನಿಜ. ಆದರೂ ಹಳ್ಳಿಯ ಭಕ್ತಿ ನಿಂತಿದ್ದ ನೆಲ ಅವಳು ಬರುವ ಹೊತ್ತಿಗೇ ಕೊಚ್ಚಿಹೋಗಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು.

1558ರ ನವೆಂಬರಿನಲ್ಲಿ ಮೇರಿ ತೀರಿಕೊಂಡಳು. ಮುಂದಿನ ವರ್ಷ ಎಲಿಜಬೆತ್ ಸರಕಾರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಮತ್ತೆ ಕಡ್ಡಾಯ ಮಾಡಿತು. ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ನಿ ದಂಡ. ಮೇರಿಯ ಕಾಲದ ಧರ್ಮಾಧ್ಯಕ್ಷರು ಒಬ್ಬರ ಹೊರತು ಎಲ್ಲರೂ ಚರ್ಚಿನ ಮೇಲೆ ರಾಣಿಯ ಅಧಿಕಾರವನ್ನು ಒಪ್ಪುವ ಹೊಸ ಪ್ರಮಾಣವಚನವನ್ನು ನಿರಾಕರಿಸಿ ಪದವಿ ಕಳೆದುಕೊಂಡರು. ಟ್ರಿಕಿ ನಿರಾಕರಿಸಲಿಲ್ಲ. ಇನ್ನೂ ಹದಿನೈದು ವರ್ಷ ಅವರು ಮೋರ್‌ಬಾತ್‌ನಲ್ಲೇ ಉಳಿದು, ಲತೀನ್ ಪೂಜೆ ನಡೆಸುತ್ತಿದ್ದ ಚರ್ಚಿನಲ್ಲಿ ಇಂಗ್ಲಿಷ್ ಪ್ರಾರ್ಥನೆ ಓದಿದರು, ಲೆಕ್ಕವನ್ನು ಎಂದಿನಂತೆ ಬರೆದರು.

ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಅವಕಾಶವಾದ ಎನ್ನುವುದು ಸುಲಭ. ಕಪ್ಪು ವಸ್ತ್ರಕ್ಕಾಗಿ ಇಪ್ಪತ್ತು ವರ್ಷ ತನ್ನ ಆದಾಯ ಬಿಟ್ಟುಕೊಟ್ಟ, ದಂಗೆಯ ಖರ್ಚನ್ನು ಬಚ್ಚಿಡದ ಮನುಷ್ಯನಿಗೆ ಆ ಮಾತು ಹೊಂದುವುದಿಲ್ಲ. ಹೊಸ ಬೋಧನೆಗೆ ಮನಸಾರೆ ಒಲಿದರು ಎನ್ನಲೂ ಮೇರಿಯ ಕಾಲದಲ್ಲಿ ಅವರು ಬರೆದ ಸಾಲುಗಳು ಬಿಡುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಟ್ರಿಕಿ ಅವರ ಮೊದಲ ನಿಷ್ಠೆ ಆ 33 ಮನೆಗಳಿಗಿತ್ತು. ಅಲ್ಲಿ ಹುಟ್ಟಿದವರಿಗೆ ದೀಕ್ಷಾಸ್ನಾನ ಕೊಟ್ಟದ್ದು, ಸತ್ತವರನ್ನು ಮಣ್ಣುಮಾಡಿದ್ದು, ಎರಡು ತಲೆಮಾರಿನ ಮದುವೆಗಳನ್ನು ನಡೆಸಿದ್ದು ಅವರೇ. ಪಟ್ಟು ಹಿಡಿದು ಹೊರಟುಹೋಗಿದ್ದರೆ ಊರು ಗುರುವಿಲ್ಲದೆ ಅಥವಾ ಅಪರಿಚಿತ ಬೋಧಕನ ಕೈಯಲ್ಲಿ ಉಳಿಯುತ್ತಿತ್ತು. ಐವರು ಮಕ್ಕಳನ್ನು ಯುದ್ಧಕ್ಕೆ ಕಳಿಸಿ ಸೋಲು ಕಂಡ ಊರಿಗೆ ಎರಡನೆಯ ಬಾರಿ ಎದ್ದು ನಿಲ್ಲುವ ಚೈತನ್ಯವೂ ಇದ್ದಿರಲಾರದು. ವಿಧೇಯತೆ ಇಲ್ಲಿ ದಣಿವು, ಸಾಲ, ಜೊತೆಗೆ ಊರನ್ನು ಒಡೆಯದೆ ಉಳಿಸಿಕೊಳ್ಳುವ ಹಂಬಲ ಇವೆಲ್ಲ ಬೆರೆತ ನಿರ್ಧಾರ.

ಹುತಾತ್ಮರಾದವರನ್ನು ಕ್ಯಾಥೊಲಿಕ್ ಸಭೆ ಗೌರವದಿಂದ ನೆನೆಯುತ್ತದೆ, ನೆನೆಯಲೇಬೇಕು. ಆದರೆ ಅಂದಿನ ಸಾವಿರಾರು ಹಳ್ಳಿಗಳಲ್ಲಿ ನಡೆದದ್ದು ಮೋರ್‌ಬಾತ್‌ನಲ್ಲಿ ನಡೆದಂಥದ್ದೇ. ಅವರನ್ನು ಚರಿತ್ರೆಯಿಂದ ಕೈಬಿಟ್ಟರೆ ಇಂಗ್ಲೆಂಡು ಹೇಗೆ ಪ್ರಾಟೆಸ್ಟೆಂಟ್ ದೇಶವಾಯಿತು ಎಂಬುದು ಒಗಟಾಗಿಯೇ ಉಳಿಯುತ್ತದೆ. ಮನಸ್ಸು ಬದಲಾಗಿ ಪೂಜೆ ಬದಲಾಗಲಿಲ್ಲ. ಪೂಜೆ ಬದಲಾಗಿ, ಹಳೆಯ ಹೊಣೆಗಳನ್ನು ಕಂಡವರು ಒಬ್ಬೊಬ್ಬರಾಗಿ ತೀರಿಕೊಂಡು, ದೀಪದ ನಿಧಿಯನ್ನೇ ಕಾಣದ ಮಕ್ಕಳು ದೊಡ್ಡವರಾದ ಮೇಲೆ ಮನಸ್ಸೂ ಬದಲಾಯಿತು.

ಟ್ರಿಕಿ ತೀರಿಕೊಂಡ 1574ರಲ್ಲೇ, ಫ್ಲಾಂಡರ್ಸಿನ ಡುವೇ ಪಟ್ಟಣದಲ್ಲಿ ವಿಲಿಯಂ ಅಲೆನ್ 1568ರಲ್ಲಿ ಸ್ಥಾಪಿಸಿದ್ದ ಗುರುಮಠದಲ್ಲಿ ತರಬೇತಿ ಪಡೆದ ಮೊದಲ ಕ್ಯಾಥೊಲಿಕ್ ಗುರುಗಳು ಇಂಗ್ಲೆಂಡಿಗೆ ಗುಟ್ಟಾಗಿ ಬಂದಿಳಿದರು. ಅವರು ಉಳಿಸಿಕೊಂಡ ಕ್ಯಾಥೊಲಿಕ್ ಬದುಕು ಧೀರವಾದದ್ದು. ಅದರಲ್ಲಿ ಹಲವರು ಪ್ರಾಣ ಕೊಟ್ಟರು. ಆದರೆ ಅದು ಹೆಚ್ಚಾಗಿ ಸಿರಿವಂತ ಮನೆತನಗಳ ಒಳಕೋಣೆಗಳಲ್ಲಿ, ಬಾಗಿಲು ಮುಚ್ಚಿ, ಎಚ್ಚರಿಕೆಯಿಂದ ನಡೆದ ಪೂಜೆ. ಊರಿನ ಯುವಕರು ಔತಣ ನಡೆಸಿ ಪಾನಪಾತ್ರೆ ತರುವ, ಹೆಂಗಸೊಬ್ಬಳು ಮೊಕ್ತೇಸರಳಾಗಿ ಲೆಕ್ಕ ಒಪ್ಪಿಸುವ, ಮರಿಯಮ್ಮನವರ ಕುರಿ ರೈತನ ಹಟ್ಟಿಯಲ್ಲಿ ಮರಿ ಹಾಕುವ ಕ್ಯಾಥೊಲಿಕ್ ಜೀವನಕ್ಕೆ ಅಲ್ಲಿ ಜಾಗವಿರಲಿಲ್ಲ. ಇಂಗ್ಲೆಂಡಿನ ಕ್ಯಾಥೊಲಿಕ್ ವಿಶ್ವಾಸ ಗೃಹಸ್ಥರ ಮನೆಗಳಲ್ಲಿ ಉಳಿಯಿತು, ಊರೊಟ್ಟಿನ ಆಸ್ತಿಯಾಗಿ ಉಳಿಯಲಿಲ್ಲ.